ಕೊಂಬೆಯೊಡೆಯುವ ರಾಳ

೧೯೮೮ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೆಯ ತರಗತಿ ಪಾಸಾಗಿದ್ದೆ. ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವರು ಆ ವರ್ಷ ಕೊಹಿನೂರು ಎಂಬ ನಮ್ಮೂರಿನ ಶಾಲೆಯಲ್ಲಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಶಾಲೆ ಬಿಟ್ಟವನೆಂದರೆ ದಡ್ಡನೆಂದು ತಿಳಿಯುವವರು ಬಹಳ ಮಂದಿ ಇದ್ದಾರೆ. ಅಪ್ಪ ಬೆಲ್ಲದ ಕಡಾಯಿ ನೋಡುವವನು. ಕಬ್ಬಿನ ಹೊಲದವರು ಗಾಣ ಹೂಡಿದಾಗ ಅವನನ್ನು ಕರೆಸುತ್ತಿದ್ದರು. ಆ ಹಂಗಾಮಿನಲ್ಲಿ ಕುದಿಯುವ ಪಾಕ ಸಿಡಿದು ಅವನ ಬಲಗೈ ಮೊಣಕೈವರೆಗೆ ಬೆಂದಿತು. ಕಡಾಯಿಯ ಮುಂದೆ ಒಂದು ಕೈ ಬೇಕಾಗಿತ್ತು. ನನ್ನದು ಇತ್ತು.

ಅಪ್ಪನ ಪಾಠ ಚಿಕ್ಕದು. ಗುಳ್ಳೆಯ ಸದ್ದು ಕೇಳು, ಎರಡು ಬೆರಳ ನಡುವೆ ಎಳೆ ನೋಡು, ನಡುವೆ ಮಾತಾಡಬೇಡ. ಪಾಕ ಎಳೆ ಬಿಟ್ಟರೆ ಇಳಿಸುವ ಹೊತ್ತು. ಹಂಗಾಮಿನ ಮೊದಲ ಕಡಾಯಿಗೆ ಅವನು ಒಂದು ಚಿಟಿಕೆ ವಿಭೂತಿ ಬಿಡುತ್ತಿದ್ದ. ಬೆಲ್ಲಕ್ಕೆ ಹೇಗೂ ಸುಣ್ಣ ಹಾಕುತ್ತಾರೆ, ಚಿಟಿಕೆ ಬೂದಿಯಿಂದ ಅದಕ್ಕೇನೂ ಆಗುವುದಿಲ್ಲ. ಅಪ್ಪ ಮಾತ್ರ ಆ ಚಿಟಿಕೆಯಿಂದಲೇ ಬೆಲ್ಲ ಹೊನ್ನಿನ ಬಣ್ಣಕ್ಕೆ ಬರುತ್ತದೆ ಎಂದು ನಂಬಿದ್ದ. ನಾನೂ ನಂಬಿದ್ದೆ.

ಕಬ್ಬೆಲ್ಲ ಸಕ್ಕರೆ ಕಾರ್ಖಾನೆಗೆ ಹೋಗತೊಡಗಿದ ಮೇಲೆ ಕಡಾಯಿಗಳು ಮೂಲೆ ಸೇರಿದವು. ನಾನು ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ರಾಸಾಯನಿಕ ಕಾರ್ಖಾನೆಗೆ ಡ್ರಮ್ಮು ಉರುಳಿಸುವ ಆಳಾಗಿ ಸೇರಿದೆ. ಡ್ರಮ್ಮಿನಿಂದ ವಾಲ್ವಿಗೆ, ವಾಲ್ವಿನಿಂದ ರಿಯಾಕ್ಟರಿಗೆ ಬಂದೆ. ರಿಯಾಕ್ಟರ್ ಅಂದರೆ ಬೇರೇನಲ್ಲ, ಮುಚ್ಚಳವಿರುವ ಕಡಾಯಿ. ಸುತ್ತ ಬಿಸಿ ಅಥವಾ ತಣ್ಣೀರು ಹರಿಯುವ ಹೊದಿಕೆ, ಒಳಗೆ ಕಲಕುವ ರೆಕ್ಕೆ. ಇಂಗ್ಲಿಷ್ ಲೇಬಲ್ಲುಗಳನ್ನು ಮೊದಲು ಚಿತ್ರದ ಹಾಗೆ ಗುರುತು ಹಿಡಿದೆ, ಆಮೇಲೆ ಅಕ್ಷರ ಕೂಡಿಸಿ ಓದಲು ಕಲಿತೆ. ಯಾರೂ ಕಲಿಸಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ನನ್ನ ಕೈಯಲ್ಲಿ ಒಂದು ಬ್ಯಾಚೂ ಕೆಟ್ಟಿರಲಿಲ್ಲ. ಬಿಎಸ್ಸಿ ಓದಿದ ಹುಡುಗರು ಮೀಟರು ನೋಡಿ ಹೇಳುವುದನ್ನು ನಾನು ಮೋಟಾರಿನ ಸದ್ದು ಕೇಳಿ ಹೇಳುತ್ತಿದ್ದೆ.

ಬಾಯ್ಲರ್ ನೋಡುವವನು ನನ್ನನ್ನು ಬೆಲ್ಲದ ಕಾಕಾ ಎಂದು ಕರೆಯುತ್ತಿದ್ದ. "ಏನ್ ಕಾಕಾ, ಇವತ್ತ ಪಾಕ ಹದಕ್ಕ ಬಂದದೇನು? ಒಂದ್ ಅಚ್ಚ ನಮಗೂ ಕೊಡ್ರಿ."

"ನಿನಗ ಕೊಟ್ರ ಅದನ್ನೂ ಬಾಯ್ಲರಿಗೆ ಹಾಕ್ತಿ. ನಿನ್ನ ಕೈಗುಣ ನನಗ ಗೊತ್ತದ."

ಮನೆ ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಸಸ್ತಾಪುರ ಬಂಗ್ಲಾ ಎಂಬ ಹೆದ್ದಾರಿಯ ನಿಲ್ದಾಣಕ್ಕೆ ಬಂದು ಹುಮನಾಬಾದಿನ ಬಸ್ಸು ಹಿಡಿಯುತ್ತಿದ್ದೆ. ಕರೋನಾ ಮುಗಿದು ಎರಡು ವರ್ಷವಾಗಿರಬೇಕು, ಆ ಬಸ್ಸಿನಲ್ಲಿ ಹೊಸದಾಗಿ ಒಬ್ಬರು ಬರತೊಡಗಿದರು. ಮಂಠಾಳದ ಹುಡುಗಿ. ಕಲಬುರಗಿಯಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ ಮುಗಿಸಿದವರು. ನಮ್ಮ ಕಾರ್ಖಾನೆ ಹೊಸ ಮಾಲಿನ ಪ್ರಯೋಗಕ್ಕೆಂದು ಒಂದು ಕೋಣೆ ತೆರೆದು, ಅವರನ್ನು ಒಂದು ವರ್ಷದ ಮಟ್ಟಿಗೆ ಅದಕ್ಕೆ ತೆಗೆದುಕೊಂಡಿತ್ತು. ತಂದೆ ತಾಯಿ ಇಬ್ಬರೂ ಕಂಡವರ ಹೊಲದಲ್ಲಿ ಕೂಲಿ ಮಾಡಿ ಓದಿಸಿದ್ದರು. ಅವರದು ಬೌದ್ಧರ ಮನೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು, ಆದರೂ ಕೆಲಸದ ಜಾಗದಲ್ಲಿ ನಾನು ಮೇಡಂ ಅನ್ನುತ್ತಿದ್ದೆ. ಅವರು ಕಾಕಾ ಅನ್ನುತ್ತಿದ್ದರು. ಆ ಕೋಣೆಗೆ ಕೈಯಾಳು ಯಾರು ಬೇಕೆಂದು ಕೇಳಿದಾಗ ಅವರು ನನ್ನನ್ನೇ ಕೇಳಿ ಪಡೆದರು.

ಅವರು ಮಾಡಹೊರಟದ್ದು ಒಂದು ರಾಳ. ನಮ್ಮ ಬಕೀಟು, ಪೈಪಿನ ಪ್ಲಾಸ್ಟಿಕ್ಕಿಗೆಲ್ಲ ಬೆನ್ನೆಲುಬು ಇಂಗಾಲ. ಈ ರಾಳದ ಬೆನ್ನೆಲುಬಿನಲ್ಲಿ ಇಂಗಾಲವಿಲ್ಲ. ಸಿಲಿಕಾನ್, ಆಮ್ಲಜನಕ, ಮತ್ತೆ ಸಿಲಿಕಾನ್, ಮತ್ತೆ ಆಮ್ಲಜನಕ. ಮರಳು, ಗಾಜು, ಕಲ್ಲಿನ ಜಾತಿ. ಆದ್ದರಿಂದ ಬೆಂಕಿಗೆ ಬೇಗ ಜಗ್ಗುವುದಿಲ್ಲ. ಭಟ್ಟಿಯ ಚಿಮಣಿಗೆ ಬಳಿಯುವ ಬಣ್ಣದಲ್ಲಿ ಬೆರೆಸಲು ಪುಣೆಯ ಕಡೆಯ ಒಂದು ಕಂಪನಿ ಅದನ್ನು ಕೇಳಿತ್ತು. ಇದನ್ನು ಉದ್ದ ದಾರದ ಹಾಗೆ ಕಟ್ಟಿದರೆ ಎಣ್ಣೆಯೋ ರಬ್ಬರೋ ಆಗುತ್ತದೆ. ಎಲ್ಲ ಕಡೆಯಿಂದ ಕಟ್ಟಿಹಾಕಿದರೆ ಗಾಜಿನಂತೆ ಕಲ್ಲಾಗುತ್ತದೆ. ಅವರಿಗೆ ಬೇಕಾದದ್ದು ಎರಡರ ನಡುವಿನದು. ಅದನ್ನು ಅವರು ಬಸ್ಸಿನಲ್ಲಿ ಹೇಳಿಕೊಟ್ಟರು. ಕಿಟಕಿಯಾಚೆ ತೊಗರಿ ಮೊಣಕಾಲೆತ್ತರ ಬಂದಿತ್ತು.

"ಕಾಕಾ, ತೊಗರಿ ಕುಡಿ ಯಾಕ ಚೂಟ್ತಾರ?"

"ಕೊಂಬಿ ಹೆಚ್ಚ ಒಡೀಲಿ ಅಂತ. ಇದೇನ್ರಿ ಮೇಡಂ, ಪರೀಕ್ಷಾ ತಗೊಳ್ಳಾಕತ್ತೀರೇನು?"

"ನಮ್ಮ ಕೆಲಸನೂ ಅದೇ ಅದ. ಒಂದೊಂದ್ ಕಣಕ್ಕ ಮೂರ್ ಕೈ ಅವ. ಒಂದ್ ಕೈಲೆ ಹಿಂದಿಂದು ಹಿಡಕೋತದ, ಎರಡ್ ಕೈ ಖಾಲಿ ಇರ್ತಾವ. ಆ ಎರಡಕ್ಕ ಮತ್ತೆರಡು ಬಂದು ಹಿಡಕೋತಾವ. ಹಂಗ ಗಿಡ ಬೆಳೀತದ."

"ಮತ್ತ ಈ ಗಿಡದ ಕೊಂಬಿ ಆ ಗಿಡದ ಕೊಂಬಿ ಹಿಡಕೊಂಡ್ರ?"

ಅವರು ತಿರುಗಿ ನನ್ನನ್ನೇ ನೋಡಿದರು. "ಹಿಡಕೊಂಡ್ರ ಬೇಲಿ ಆಗ್ತದ. ಇಡೀ ಹೊಲನೇ ಒಂದ್ ಬೇಲಿ. ಅದಕ್ಕ ಜೆಲ್ ಅಂತಾರ, ಆಮ್ಯಾಲ ಏನೂ ಮಾಡಾಕ ಬರೂದಿಲ್ಲ. ಅದಕ್ಕಽ ನೀರ ಹನಿ ಹನಿ ಬಿಡೋದು, ಹೊತ್ತಿಗೆ ಸರಿಯಾಗಿ ಕೊಂಬಿ ತುದಿಗೆ ಟೋಪಿ ಹಾಕೋದು. ಟೋಪಿ ಬಿದ್ದ ಕೈ ಮತ್ತೊಂದನ್ನ ಹಿಡ್ಯಂಗಿಲ್ಲ. ನಮ್ಮ ಎಂಎಸ್ಸಿ ಕ್ಲಾಸಿನ್ಯಾಗ ಈ ಸವಾಲ್ ಯಾರೂ ಕೇಳಿದ್ದಿಲ್ಲ, ಕಾಕಾ."

ಈ ಮಾತನ್ನು ನಾನು ಮನೆಗೆ ಹೋಗಿ ಹೆಂಡತಿಗೆ ಎರಡು ಸಲ ಹೇಳಿದೆ.

ಕೆಲಸದ ಕ್ರಮ ಹೀಗೆ. ಕೆಳಗೆ ರಿಯಾಕ್ಟರಿನಲ್ಲಿ ಸ್ಪಿರಿಟ್ಟಿನ ವಾಸನೆಯ ಸಿಲಿಕಾನ್ ದ್ರವ. ಮೇಲೆ ಗಾಜಿನ ಪಾತ್ರೆಯಲ್ಲಿ ನೀರು, ಅದರಲ್ಲಿ ಕೆಲವೇ ಹನಿ ಆಸಿಡ್. ಆ ನೀರು ಉಸಿರಿಗೊಂದು ಹನಿಯಂತೆ ಆರು ತಾಸು ಇಳಿಯಬೇಕು. ನೀರು ತಾಗಿದ ಕಡೆ ಕಣಗಳ ಕೈ ಬಿಚ್ಚಿಕೊಳ್ಳುತ್ತವೆ, ಆಸಿಡ್ ಇದ್ದರೆ ಅವು ಸಾವಕಾಶ ಒಂದೊಂದಾಗಿ ಕೂಡುತ್ತವೆ, ಇಲ್ಲವಾದರೆ ಒಮ್ಮೆಲೇ ಬೇಲಿಯಾಗುತ್ತವೆ. ಹನಿ ಎಣಿಸುವ ಪಂಪು ಕೇಳಿದರೆ ಮಾಲೀಕರು ಕೊಡಿಸಲಿಲ್ಲ. "ಪಂಪ್ ಯಾಕ ಬೇಕು, ಕಾಕಾನ ಕೈ ಅದಲ್ಲ" ಎಂದು ಮೇಡಂ ನಕ್ಕರು. ನಾನು ಸ್ಟೂಲಿನ ಮೇಲೆ ಕುಳಿತು ಆರು ತಾಸು ಪಾತ್ರೆಯ ನಲ್ಲಿಯ ಮೇಲೆ ಎರಡು ಬೆರಳಿಟ್ಟು ಹನಿ ಎಣಿಸುತ್ತಿದ್ದೆ.

ಈ ರಾಳ ನನ್ನ ಹಳೆಯ ವಿದ್ಯೆಯನ್ನು ತಲೆಕೆಳಗು ಮಾಡಿತು. ದಾರಗಳು ಒಂದಕ್ಕೊಂದು ಸಿಕ್ಕುಬೀಳುತ್ತವೆ, ಗುಂಡಗೆ ಬೆಳೆದ ಗಿಡಗಳು ಜಾರಿಕೊಂಡು ಹೋಗುತ್ತವೆ. ಆದ್ದರಿಂದ ಎಷ್ಟು ದೊಡ್ಡದಾಗಿ ಬೆಳೆದರೂ ಒಳ್ಳೆಯ ರಾಳ ತೆಳ್ಳಗೇ ಇರಬೇಕು. ಕಡ್ಡಿ ಅದ್ದಿ ಎತ್ತಿದರೆ ಹನಿಯಾಗಿ ಬೀಳಬೇಕು. ಎಳೆ ಬಂತೆಂದರೆ ಕೆಟ್ಟಿತು. ಹತ್ತು ಲೀಟರಿನ ಎರಡು ಬ್ಯಾಚು ಮಾಡಿದೆವು. ಎರಡೂ ಹನಿಯಾಗಿ ಬಿದ್ದವು.

ಮೂರನೆಯದು ಐವತ್ತು ಲೀಟರು. ಪುಣೆಗೆ ಹೋಗುವ ಮಾದರಿ ಅದೇ. ಮ್ಯಾನೇಜರ್ ಕೋಣೆಗೆ ಬಂದು ನಿಂತೇ ಹೇಳಿದರು, "ನೋಡ್ರಿ ಮೇಡಂ, ಇದು ಬರೋಬ್ಬರ್ ಬಂತಂದ್ರ ನಿಮ್ಮ ನೌಕರಿ ಕಾಯಂ, ಈ ಕೋಣೆನೂ ಇರ್ತದ. ಬರ್ಲಿಲ್ಲಂದ್ರ ಎರಡೂ ಇಲ್ಲ. ಹೈದರಾಬಾದಿಂದ ಮಾಲಕರು ಸಾಫ್ ಹೇಳ್ಯಾರ." ಅವರು ಹೋದ ಮೇಲೆ ಮೇಡಂ ಲೆಕ್ಕದ ಹಾಳೆಯನ್ನು ಮತ್ತೊಮ್ಮೆ ಮೊದಲಿನಿಂದ ಬರೆದರು.

ನಡುವೆ ದಸರಾ ಬಂತು. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಕಾರ್ಖಾನೆಯ ಯಂತ್ರಗಳಿಗೆಲ್ಲ ಕುಂಕುಮ, ಚೆಂಡು ಹೂವಿನ ಸರ. ನಮ್ಮ ಕೋಣೆಯ ರಿಯಾಕ್ಟರಿಗೆ ನಾನೇ ವಿಭೂತಿಯ ಮೂರು ಗೆರೆ ಎಳೆದೆ. ಮೇಡಂ ಬಾಗಿಲಲ್ಲಿ ನಿಂತಿದ್ದರು. "ನಾ ಇಲ್ಲೇ ನಿಂದರ್ತೀನಿ ಕಾಕಾ, ನೀವ್ ಮಾಡ್ರಿ." ಕೈ ಮುಗಿಯಲಿಲ್ಲ. ಪೇಡೆ ಕೊಟ್ಟಾಗ ತೆಗೆದುಕೊಂಡು ತಿಂದರು. ಅವರ ಮನೆಯ ರೀತಿ ಅದು, ನನಗೆ ಗೊತ್ತಿತ್ತು. ಆ ದಿನ ಯಾರೂ ಏನೂ ಅನ್ನಲಿಲ್ಲ.

ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಬ್ಯಾಚು ಹಾಕಿದೆವು. ಮೇಡಂ ನೀರು ಅಳೆದರು. ನನ್ನ ಕಣ್ಣೆದುರಿಗೇ ಆಸಿಡ್ಡಿನ ಹನಿಗಳನ್ನು ಬಾಯಲ್ಲಿ ಎಣಿಸುತ್ತ ಬಿಟ್ಟರು. ಕಾಗದದ ಪಟ್ಟಿ ಅದ್ದಿದರು, ಕೆಂಪಾಯಿತು. ಪಟ್ಟಿಯನ್ನು ಬುಟ್ಟಿಗೆ ಹಾಕಿ ಸಿಲಿಕಾನ್ ದ್ರವ ತೂಗಿಸಲು ಗೋದಾಮಿಗೆ ಹೋದರು. ಕೋಣೆಯಲ್ಲಿ ನಾನೊಬ್ಬನೇ. ಅಂಗಿಯ ಜೇಬಿನಲ್ಲಿ ಪೂಜೆಯಲ್ಲಿ ಉಳಿದ ವಿಭೂತಿಯ ಪೊಟ್ಟಣ ಇತ್ತು.

ನಾನು ಅದನ್ನು ಮೈಮರೆತು ಮಾಡಲಿಲ್ಲ. ಪಾತ್ರೆಯೊಳಗೆ ಹೇಳಿದ್ದನ್ನು ಬಿಟ್ಟು ಬೇರೇನೂ ಬೀಳಬಾರದು ಎಂಬುದು ಆ ಕಾರ್ಖಾನೆಯಲ್ಲಿ ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದ ಮೊದಲ ಪಾಠ. ಹತ್ತು ಲೀಟರಿಗೆ ನಾನು ಹಾಕಿರಲಿಲ್ಲ. ಇದು ದೊಡ್ಡದು, ಹಬ್ಬದ ನಂತರದ ಮೊದಲನೆಯದು, ಈ ಹುಡುಗಿಯ ಅನ್ನ ಇದರಲ್ಲಿದೆ ಎಂದುಕೊಂಡೆ. ಗಾಜಿನ ಪಾತ್ರೆಯ ಮುಚ್ಚಳ ಸರಿಸಿ ಒಂದು ಚಿಟಿಕೆ ಬಿಟ್ಟೆ. ಬೂದಿ ನೀರಿನ ಮೇಲೆ ಒಂದು ಕ್ಷಣ ನಿಂತು ಮೋಡದ ಹಾಗೆ ಇಳಿದು ಕಾಣದಾಯಿತು. ಮುಚ್ಚಳ ಮುಚ್ಚಿ ಕೈ ಮುಗಿದೆ. ಬೂದಿ ಕ್ಷಾರ ಎಂಬುದು ನನಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. ನಮ್ಮಮ್ಮ ಪಾತ್ರೆಯ ಜಿಡ್ಡು ತೆಗೆಯುತ್ತಿದ್ದದ್ದೇ ಬೂದಿಯಿಂದ. ಗೊತ್ತಿದ್ದದ್ದು ಒಂದು ಕಡೆ ಇತ್ತು, ಕೈ ಒಂದು ಕಡೆ ಇತ್ತು.

ಮೊದಲ ತಾಸು ಎಲ್ಲ ಸರಿಯಿತ್ತು. ಎರಡನೆಯ ತಾಸು ಕಳೆಯುವ ಹೊತ್ತಿಗೆ, ಕಲಕುವ ರೆಕ್ಕೆಯ ಸುತ್ತ ಇರುವ ಸುಳಿಯ ಗುಳಿ ತುಂಬುತ್ತ ಬಂತು. ಮೋಟಾರಿನ ದನಿ ದಪ್ಪವಾಯಿತು. ನಾನು ಮೇಡಂ ಎಂದೆ, ಅಷ್ಟೇ. ಅವರು ಬಂದು ಕಡ್ಡಿ ಅದ್ದಿ ಎತ್ತಿದರು. ತುದಿಯಿಂದ ಉದ್ದನೆಯ ಎಳೆ ಇಳಿಯಿತು, ತುಂಡಾಗಲೇ ಇಲ್ಲ. ನನ್ನ ಅಪ್ಪ ನೋಡಿದ್ದರೆ ಭೇಷ್ ಅನ್ನುತ್ತಿದ್ದ.

"ನೀರ ಬಂದ್ ಮಾಡ್ರಿ" ಎಂದರು ಮೆಲ್ಲಗೆ. ಕೊಂಬೆಗೆ ಟೋಪಿ ಹಾಕುವ ದ್ರವವನ್ನೆಲ್ಲ ಒಮ್ಮೆಲೇ ಸುರಿದರು. ಅದು ಮೇಲೆಯೇ ನಿಂತಿತು. ಸ್ವಲ್ಪ ಹೊತ್ತಿಗೆ ಮೋಟಾರು ಗುರ್ ಎಂದು ನಿಂತುಹೋಯಿತು. ಒಳಗೆ ಪಾರದರ್ಶಕವಾದ ಒಂದೇ ಗಡ್ಡೆ, ನಡುವೆ ರೆಕ್ಕೆ ಹೂತುಹೋಗಿತ್ತು. ಅದನ್ನು ಮರದ ಉಳಿಯಿಂದ ಕಡಿದು ತೆಗೆಯಲು ನನಗೆ ನಾಲ್ಕು ದಿನ ಬೇಕಾಯಿತು.

ಮೇಡಂ ಅಳಲಿಲ್ಲ. ಮೇಲಿನ ಪಾತ್ರೆಯಲ್ಲಿ ಉಳಿದಿದ್ದ ನೀರಿಗೆ ಮತ್ತೆ ಪಟ್ಟಿ ಅದ್ದಿದರು. ಪಟ್ಟಿಯನ್ನು ನನ್ನ ಮುಂದೆ ಹಿಡಿದರು. "ಕಾಕಾ, ಇದು ಕೆಂಪ ತೋರಿಸಬೇಕಿತ್ತು. ಹಸಿರ ತೋರಸಾಕತ್ತದ. ಆಸಿಡ್ ಎಲ್ಲಿ ಹೋತು? ಇದರಾಗ ಏನರ ಬಿತ್ತೇನು?"

ಆ ಹಸಿರು ನೋಡಿದ ಕ್ಷಣವೇ ನನಗೆ ತಿಳಿಯಿತು. "ನಾ ಇಲ್ಲೇ ಕುಂತಿದ್ದೆ. ಏನೂ ಬಿದ್ದಿಲ್ಲ" ಎಂದೆ.

ಮಧ್ಯಾಹ್ನ ಮ್ಯಾನೇಜರ್ ನನ್ನೊಬ್ಬನನ್ನೇ ಕರೆಸಿದರು. ಮೇಡಂ ಆಸಿಡ್ ಹಾಕುವುದನ್ನು ಮರೆತಿದ್ದಾರೆ ಎಂಬುದು ಅವರ ತೀರ್ಮಾನ. "ನೀವ್ ಅಲ್ಲೇ ಇದ್ರಿ. ಹಾಕಿದ್ದು ನೋಡೀರೇನು? ನೀವ್ ನೋಡೀನಿ ಅಂದ್ರ ನಾ ಮಾಲಕರಿಗೆ ಹಂಗಽ ಬರೀತೀನಿ, ಮತ್ತೊಂದ್ ಸಲ ಮಾಡ್ಲಿ ಅಂತೀನಿ."

ನೋಡಿದವನು ಜಗತ್ತಿನಲ್ಲಿ ನಾನೊಬ್ಬನೇ. ಆದರೆ ಹಾಕಿದ್ದು ನಿಜವೆಂದರೆ, ಮತ್ತೆ ಹಸಿರು ಏಕೆ ಎಂದು ಕೇಳುತ್ತಾರೆ. ಕೇಳಿದರೆ ಇಪ್ಪತ್ತು ವರ್ಷದ ಈ ಕೈ ಏನಾಯಿತು? ನಾನು ಹೇಳಿದೆ: "ನಾ ಸಾಲಿ ಬಿಟ್ಟಾವ್ರಿ ಸರ್. ಯಾವ ಬಾಟ್ಲಿ ಯಾವುದು ಅಂತ ನನಗೇನ್ ತಿಳೀತದ?"

ಅವರು ನನ್ನ ಮುಖ ನೋಡಿದರು. ಆ ಕಾರ್ಖಾನೆಯ ಪ್ರತಿಯೊಂದು ಬಾಟಲಿಯೂ ನನಗೆ ಗೊತ್ತೆಂಬುದು ಅವರಿಗೂ ಗೊತ್ತಿತ್ತು. ಆದರೂ ಹೂಂ ಎಂದು ಬರೆದುಕೊಂಡರು. ಶಾಲೆ ಬಿಟ್ಟದ್ದನ್ನು ನಾನು ಅಲ್ಲಿಯವರೆಗೆ ಯಾರ ಮುಂದೆಯೂ ನೆಪ ಮಾಡಿಕೊಂಡವನಲ್ಲ. ಅಂದು ಅದರ ಹಿಂದೆ ಅಡಗಿ ಕುಳಿತೆ.

ಕ್ಯಾಂಟೀನಿನಲ್ಲಿ ಬೇರೆ ಮಾತು ಹುಟ್ಟಿತ್ತು. ಬಾಯ್ಲರಿನವನು ಚಹಾ ಊದುತ್ತ ಹೇಳಿದ, "ಕಾಕಾ, ಪೂಜಾದಾಗ ಆಕಿ ಕೈ ಮುಗೀಲಿಲ್ಲ, ನೋಡಿದ್ರೇನು? ಮಷಿನ್ಯಾಗ ದೇವ್ರ ಇರ್ತಾನ. ಸುಮ್ಮ ಬಿಡ್ತಾನೇನು?" ಮೇಜಿನ ಸುತ್ತ ಇದ್ದ ನಾಲ್ಕೈದು ಮಂದಿ ತಲೆ ಆಡಿಸಿದರು. ಮೇಡಂ ಎರಡು ಮೇಜಿನಾಚೆ ಬುತ್ತಿ ಬಿಚ್ಚುತ್ತಿದ್ದರು. ಬುತ್ತಿಯನ್ನು ಹಾಗೇ ಕಟ್ಟಿ ಎದ್ದುಹೋದರು. ನಾನು ನನ್ನ ರೊಟ್ಟಿ ಮುಗಿಸಿದೆ. ಹುಡುಗಿ ಕೈ ಮುಗಿಯದ್ದಲ್ಲ, ನನ್ನ ಪೂಜೆಯೇ ಆ ಬ್ಯಾಚನ್ನು ಕೆಡಿಸಿತು ಎಂದು ಹೇಳಲು ಆ ಮೇಜಿನಲ್ಲಿ ನನ್ನ ನಾಲಿಗೆ ಏಳಲಿಲ್ಲ.

ತಿಂಗಳ ಕೊನೆಗೆ ಅವರನ್ನು ತೆಗೆದರು. ಕೊನೆಯ ದಿನ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತರು.

"ಕಾಕಾ, ನಾ ಖರೇನೇ ಮರ್ತೆನೇನು? ಎಣಿಸಿದ್ದು ನೆನಪದ. ಪಟ್ಟಿ ಕೆಂಪ ಆಗಿದ್ದೂ ನೆನಪದ. ಆದ್ರ ಎಲ್ಲಾರೂ ಅಂದಮ್ಯಾಲ ಈಗ ಆ ನೆನಪಿನ ಮ್ಯಾಲೇ ವಿಶ್ವಾಸ ಇಲ್ಲ."

"ಆಗ್ತದ ಮೇಡಂ. ಮನುಷ್ಯಾರು."

ನಾನು ಹಾಗಂದೆ. ಸಸ್ತಾಪುರ ಬಂಗ್ಲಾ ಬರುವವರೆಗೆ ಅವರು ಕಿಟಕಿಗೆ ಹಣೆ ಒತ್ತಿಕೊಂಡಿದ್ದರು.

ಕೋಣೆಗೆ ಬೀಗ ಬಿತ್ತು. ಚಳಿ ಮುಗಿಯುವ ಹೊತ್ತಿಗೆ ಆ ರಿಯಾಕ್ಟರನ್ನು ಲಾರಿಗೆ ಹಾಕಿ ಹೈದರಾಬಾದಿಗೆ ಒಯ್ದರು. ಹಳೆಯ ರಿಯಾಕ್ಟರುಗಳಿಗೆ ಅಷ್ಟರಲ್ಲಿ ಬೇರೆಯವರು ಬಂದಿದ್ದರು. ನನ್ನನ್ನು ಡ್ರಮ್ಮು ತುಂಬುವ ಕಡೆಗೆ ಹಾಕಿದರು. ಅಂದು ನಾನು ಮ್ಯಾನೇಜರರ ಬಳಿ ಹೋಗಿ ಎಲ್ಲ ಹೇಳಿದೆ. ಉಳಿಸಿಕೊಳ್ಳಬೇಕೆಂದದ್ದು ಹೋದ ಮೇಲೆ ಹೇಳಿದೆ, ಇದಕ್ಕೆ ಧೈರ್ಯ ಎಂಬ ಹೆಸರು ಕೊಡುವುದಿಲ್ಲ. ಅವರು ಬಾಗಿಲು ಮುಚ್ಚಲು ಹೇಳಿ, "ಇದನ್ನ ಇಲ್ಲೇ ಬಿಡ್ರಿ. ಮಾಲಕರಿಗೆ ಹೋದ ಕಾಗದ ವಾಪಸ್ ಬರಂಗಿಲ್ಲ. ಪುಣೆದಾವ್ರು ಬ್ಯಾರೆ ಕಡೆ ಮಾಲ್ ತಗೊಂಡ್ರು. ನಿಮ್ಮ ನೌಕರಿ ನೋಡ್ಕೋರಿ" ಎಂದರು.

ಮುಂದಿನ ಭಾನುವಾರ ಮಂಠಾಳಕ್ಕೆ ಹೋದೆ. ಕೇಳುತ್ತ ಹೋಗಿ ಮನೆ ಕಂಡುಹಿಡಿದೆ. ಅಂಗಳದಲ್ಲಿ ತಾಯಿ ಮಗಳು ತೊಗರಿ ಹಸನು ಮಾಡುತ್ತಿದ್ದರು. ತಾಯಿ ಎದ್ದು ನೀರು ಕೊಟ್ಟರು. "ಬರ್ರಿ ಅಣ್ಣಾವ್ರೇ, ಈಕಿ ನಿಮ್ಮ ಹೆಸರಽ ಹೇಳ್ತಿದ್ಳು. ಕಾಕಾ ಹಂಗ, ಕಾಕಾನ ಕೈ ಹಿಂಗ." ನಾನು ನೀರಿನ ಲೋಟ ಹಿಡಿದುಕೊಂಡೇ ಹೇಳಿದೆ. ಪೊಟ್ಟಣ, ಮುಚ್ಚಳ, ಚಿಟಿಕೆ, ಮ್ಯಾನೇಜರರ ಮುಂದೆ ಆಡಿದ ಮಾತು, ಕ್ಯಾಂಟೀನಿನಲ್ಲಿ ಆಡದ ಮಾತು.

ಮೇಡಂ ಮೊರ ಕೆಳಗಿಟ್ಟರು. ಮೊದಲು ಕೇಳಿದ್ದು ಇಷ್ಟೇ: "ಎಷ್ಟ್ ಹಾಕಿದ್ರಿ?"

ನಾನು ಬೆರಳು ಕೂಡಿಸಿ ತೋರಿಸಿದೆ. ಅವರು ನೆಲದ ಮಣ್ಣಿನ ಮೇಲೆ ಕಡ್ಡಿಯಿಂದ ಏನೋ ಲೆಕ್ಕ ಬರೆದರು, ಅಳಿಸಿದರು, ಮತ್ತೆ ಬರೆದರು.

"ಸಾಕು. ಅಷ್ಟ್ ಆಸಿಡ್ ಸಾಯಾಕ ಅಷ್ಟ್ ಬೂದಿ ಸಾಕು." ಆಮೇಲೆ ತಾಯಿಯ ಕಡೆ ತಿರುಗಿ, "ಅವ್ವಾ, ನಾ ಮರ್ತಿದ್ದಿಲ್ಲ" ಎಂದರು.

ತಾಯಿಗೆ ಬೂದಿ, ಆಸಿಡ್ಡು ಎಷ್ಟು ತಿಳಿಯಿತೋ ಗೊತ್ತಿಲ್ಲ. ನನ್ನ ಕೈಯಿಂದ ಲೋಟ ತೆಗೆದುಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

"ನನ್ನನ್ನ ಬಯ್ರಿ ಮೇಡಂ" ಎಂದೆ.

"ಬಯ್ದು ಏನ್ ಮಾಡ್ಲಿ? ಗೋದಾಮಿನ್ಯಾಗ ಇನ್ನೊಂದ್ ಬ್ಯಾಚಿಂದು ಸಾಮಾನ ಇತ್ತು, ಕಾಕಾ. ಅವತ್ತೇ ಹೇಳಿದ್ರ ಆ ವಾರದಾಗೇ ಮತ್ತ ಹಾಕ್ತಿದ್ವಿ. ನಿಮಗ ಒಂದ್ ಮಾತ ಬೈತಿದ್ರು, ಅಷ್ಟ."

ಅವರಿಗೆ ಬಸವಕಲ್ಯಾಣದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತ್ತು. ಬೇರೆ ಊರಿನ ಕಾರ್ಖಾನೆಗಳಿಗೆ ಅರ್ಜಿ ಹಾಕಿದ್ದರಂತೆ. ಹಿಂದಿನ ಕೆಲಸ ಏಕೆ ಬಿಟ್ಟಿರಿ ಎಂದು ಎಲ್ಲರೂ ಕೇಳುತ್ತಾರಂತೆ. ನಾನು ಬರೆದುಕೊಡುತ್ತೇನೆ ಎಂದೆ. "ಏನಂತ ಬರೀತೀರಿ? ಯಾರ್ ಓದ್ತಾರ?" ಎಂದು ಮೊರ ಎತ್ತಿಕೊಂಡರು. ನಾನು ಬಸ್ಸಿಗೆ ಬಂದೆ. ಆದರೂ ಇದನ್ನು ಬರೆದಿದ್ದೇನೆ.

ಈಗ ನನ್ನ ಬಳಿ ಇರುವುದು ಇಷ್ಟು: ಬಸವಕಲ್ಯಾಣದಲ್ಲಿ ಎರಡು ಕೋಣೆಯ ಮನೆ. ಹೆಂಡತಿ. ಮದುವೆಯಾದ ಒಬ್ಬಳು ಮಗಳು. ಖಾಕಿಯ ಎರಡು ಜೊತೆ ಬಟ್ಟೆ, ಒಂದು ಜೊತೆ ಬೂಟು, ಒಂದು ಕನ್ನಡಕ, ಬಸ್ಸಿನ ಪಾಸು. ನೌಕರಿ ಇನ್ನು ಎಂಟು ವರ್ಷ, ಡ್ರಮ್ಮು ತುಂಬುವುದು. ರಿಯಾಕ್ಟರ್ ಒಂದೂ ಇಲ್ಲ.